ದೀಪ ಜಾಸ್ತಿ ಮಾಡಿದರೆ ಗಂಟು ರೋಗ ಕಾಣಲ್ಲ

ನಾನು ಶಿಡ್ಲಘಟ್ಟದ ಕಡೆ ಒಂದು ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಜಾಗದಲ್ಲಿ, ಮೈಕ್ರೋಸ್ಕೋಪ್ ನೋಡುವ ಕೆಲಸ ಮಾಡುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಚಿಟ್ಟೆ ಅರೆದು ನೋಡ್ತೀನಿ" ಅಂತ ಹೇಳಿ ಅವರ ಮುಖ ನೋಡುವುದು ನನಗೊಂದು ಮಜಾ.

ರೇಷ್ಮೆ ಬೆಳೆಯುವವರಿಗೆ ಇದು ಗೊತ್ತಿರುವುದೇ. ಉಳಿದವರಿಗೆ ಎರಡು ಮಾತು. ಕುಣಿಗಲ್ ಕಡೆಯಿಂದ ಮೈಸೂರು ತಳಿಯ ಬಿತ್ತನೆ ಗೂಡು ನಮ್ಮಲ್ಲಿಗೆ ಬರುತ್ತದೆ. ಅದರಿಂದ ಹೊರಬಂದ ಹೆಣ್ಣು ಚಿಟ್ಟೆಗೆ ಬಿಳಿ ಗೂಡಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡನ್ನು ಕೂಡಿಸಿ ಮಿಶ್ರತಳಿ ಮೊಟ್ಟೆ ಮಾಡುತ್ತೇವೆ. ಒಂದು ಚಿಟ್ಟೆ 400ರ ಆಸುಪಾಸು ಮೊಟ್ಟೆ ಇಡುತ್ತದೆ. ರೈತರ ಲೆಕ್ಕದಲ್ಲಿ ಅಷ್ಟೂ ಸೇರಿ "ಒಂದು ಮೊಟ್ಟೆ". ನೂರು ಮೊಟ್ಟೆ ಸಾಕಿದ್ದೇನೆ ಅಂದರೆ ಮನೆಯಲ್ಲಿ ಹತ್ತಿರ ಹತ್ತಿರ 40 ಸಾವಿರ ಹುಳು ಇದೆ ಅಂತ ಅರ್ಥ. ತಾಯಿ ಚಿಟ್ಟೆಗೆ ಗಂಟು ರೋಗ (ಇಂಗ್ಲಿಷಲ್ಲಿ ಪೆಬ್ರಿನ್) ಇದ್ದರೆ ಅದು ಮೊಟ್ಟೆಯೊಳಗಿಂದಲೇ ಮರಿಗೆ ಹೋಗುತ್ತದೆ. ಹುಳು ಒಂದು ಸಣ್ಣ, ಒಂದು ದೊಡ್ಡ ಆಗುತ್ತದೆ. ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಒಟ್ಟಿಗೆ ಕೂರುವುದಿಲ್ಲ. ಗೂಡು ಕಟ್ಟುವ ಹೊತ್ತಿಗೆ ತಟ್ಟೆ ಖಾಲಿ. ಹುಳುವಿಗೆ ಒಮ್ಮೆ ಬಂದ ಮೇಲೆ ರೈತ ಏನು ಮಾಡಿದರೂ ಬೆಳೆ ಕೈಗೆ ಸಿಗಲ್ಲ. ಅದಕ್ಕೇ ಮೊಟ್ಟೆ ಇಟ್ಟ ತಾಯಿಯನ್ನು ಮೊದಲೇ ಅರೆದು ನೋಡುವುದು. ಲೂಯಿ ಪಾಶ್ಚರ್ 1865ರಲ್ಲಿ ದಕ್ಷಿಣ ಫ್ರಾನ್ಸಿನ ಅಲೆಸ್ ಊರಿಗೆ ಹೋಗಿ, ಐದು ವರ್ಷ ರೇಷ್ಮೆ ಹುಳುವಿನ ಜೊತೆ ಗುದ್ದಾಡಿ ಕಂಡುಕೊಂಡ ದಾರಿ ಇದು. ಈಗ ಮಿಕ್ಸಿ ಬಂದಿದೆ, ಸೆಂಟ್ರಿಫ್ಯೂಜ್ ಬಂದಿದೆ. ದಾರಿ ಅದೇ.

ನಾನು ಸೇರಿದ್ದು ಬಿ.ಎಸ್ಸಿ. ಮುಗಿಸಿದ ವರ್ಷ, ಬೇರೊಂದು ಕೋಠಿಗೆ. ಕಾಲೇಜಲ್ಲಿ ಮೈಕ್ರೋಸ್ಕೋಪ್ ನೋಡಿದ್ದೆ, ಬಣ್ಣ ಹಾಕಿದ ರೆಡಿಮೇಡ್ ಸ್ಲೈಡ್ ಇಟ್ಟು. ನೀಲಿ, ಗುಲಾಬಿ ಬಣ್ಣದಲ್ಲಿ ಎಲ್ಲ ಎದ್ದು ಕಾಣುತ್ತಿತ್ತು. ಕೋಠಿಯಲ್ಲಿ ಬಣ್ಣ ಹಾಕುವಷ್ಟು ಪುರುಸೊತ್ತು ಇಲ್ಲ. ಅರೆದ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ನೀರಲ್ಲಿ ಕದಡಿ, ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದರಿಂದ ಒಂದು ಹನಿ ತೆಗೆದು ಕವರ್ ಗ್ಲಾಸ್ ಅನ್ನುವ ತೆಳು ಗಾಜಿನ ಚೂರು ಮುಚ್ಚಿ ನೋಡುವುದು. ಕಣ್ಣ ಹತ್ತಿರದ ಲೆನ್ಸ್ 15, ಕೆಳಗಿನದು 40, ಒಟ್ಟು 600 ಪಟ್ಟು. ಗಂಟು ರೋಗದ ಬೀಜಾಣು ಉದ್ದಕ್ಕೆ ಮೂರು ನಾಲ್ಕು ಮೈಕ್ರಾನ್. ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ ಸಾಲಾಗಿ ನಿಲ್ಲಿಸಿದರೆ ಇನ್ನೂರೈವತ್ತಕ್ಕಿಂತ ಹೆಚ್ಚು. ಅದೂ ಗಾಜಿನ ಹಾಗೆ ಪಾರದರ್ಶಕ.

ನನಗೆ ಒಂದು ಕೆಟ್ಟ ಅಭ್ಯಾಸ ಇತ್ತು. ಕಾಣುತ್ತಿಲ್ಲ ಅನ್ನಿಸಿದರೆ ದೀಪ ಜಾಸ್ತಿ ಮಾಡುವುದು. ಸ್ಲೈಡಿಗೆ ಬೆಳಕು ಕೂಡಿಸಿ ಕೊಡುವ ಕಂಡೆನ್ಸರ್ ಲೆನ್ಸಿನ ಕೆಳಗಿನ ಐರಿಸ್, ಅಂದರೆ ಹಿಗ್ಗಿಸಿ ಕುಗ್ಗಿಸುವ ತೂತು, ಪೂರ್ತಿ ತೆರೆದು, ಬೆಳಕು ಕೊನೆಯವರೆಗೆ ತಿರುಗಿಸಿ ಕೂರುತ್ತಿದ್ದೆ. ಬೆಳ್ಳಗೆ, ಚೊಕ್ಕವಾಗಿ ಕಾಣುತ್ತಿತ್ತು. ಒಂದು ಬೆಳಿಗ್ಗೆ ಒಂಬತ್ತು ಸ್ಲೈಡ್ ನೋಡಿ ಒಂಬತ್ತಕ್ಕೂ "ಇಲ್ಲ" ಅಂತ ಪುಸ್ತಕದಲ್ಲಿ ಬರೆದೆ. ಅಲ್ಲಿ ಒಬ್ಬರು ಹಿರಿಯರಿದ್ದರು, ಎಲ್ಲರೂ ಅವರನ್ನು ಸಾರ್ ಅಂತಲೇ ಕರೆಯುತ್ತಿದ್ದೆವು. ಯಾರು ನೋಡಿದ ಸ್ಲೈಡ್ ಆದರೂ ಎರಡನೇ ಸಲ ತಾವು ನೋಡುವುದು ಅವರ ಪದ್ಧತಿ. ಬಂದು ಕೂತು ಕಣ್ಣಿಟ್ಟ ಕೂಡಲೇ ತಲೆ ಹಿಂದಕ್ಕೆ ಎಳೆದುಕೊಂಡರು.

"ಏನಮ್ಮಾ, ಕಣ್ಣು ಕುಕ್ಕುತ್ತೆ. ಇದೇನು ಮದುವೆ ಚಪ್ಪರಾನಾ?"

ಐರಿಸ್ಸಿನ ಸಣ್ಣ ಹಿಡಿಯನ್ನು ಬೆರಳ ತುದಿಯಲ್ಲಿ ಸ್ವಲ್ಪ ಸರಿಸಿದರು. ನಾಲ್ಕನೇ ಸ್ಲೈಡಿಗೆ ಬಂದು ನಿಲ್ಲಿಸಿ, "ಈಗ ನೋಡು" ಅಂದರು. ಖಾಲಿ ಅಂತ ನಾನು ಬರೆದ ಜಾಗದಲ್ಲಿ ಪುಟ್ಟ ಪುಟ್ಟ ಉದ್ದುಂಡೆಗಳು. ಅಂಚು ಕಪ್ಪು, ನಡುವೆ ನೀಲಿ ಹಸಿರು ಹೊಳಪು. ನಿಂತಲ್ಲೇ ಸಣ್ಣಗೆ ನಡುಗುತ್ತಿದ್ದವು. ನನ್ನ ಹೊಟ್ಟೆಯೊಳಗೆ ಏನೋ ಆಯಿತು. ಆ ಲಾಟಿನ ಮೊಟ್ಟೆ ಇನ್ನೂ ಹೊರಗೆ ಹೋಗಿರಲಿಲ್ಲ. ಅವತ್ತು ಸಂಜೆ ಹಿತ್ತಲಲ್ಲಿ ಸುಟ್ಟೆವು. ಸಾರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಮಾಡಿದ್ದು ಅದರ ಅಪ್ಪ. ಹೆದರಿಕೆಗೆ ಐರಿಸ್ ಸೂಜಿ ತೂತಿನಷ್ಟಕ್ಕೆ ಮುಚ್ಚಿದೆ. ಆಗ ಪ್ರತಿ ಕಣದ ಸುತ್ತ ಉಂಗುರ ಉಂಗುರವಾಗಿ ಗೆರೆ ಬರುತ್ತದೆ. ಕೊಬ್ಬಿನ ಹನಿ, ಧೂಳು, ಎಲ್ಲವೂ ಹೊಳೆಯುವ ಬೀಜಾಣು! ಒಂದು ವಾರದಲ್ಲಿ ಎರಡು ಒಳ್ಳೆ ಲಾಟುಗಳನ್ನು "ಇದೆ" ಅಂತ ನಿಲ್ಲಿಸಿದೆ. ಮೊಟ್ಟೆ ಒಯ್ಯಲು ಚಿಂತಾಮಣಿ ಕಡೆಯಿಂದ ಬಂದಿದ್ದ ರೈತರೊಬ್ಬರು ಅರ್ಧ ದಿನ ಬಾಗಿಲಲ್ಲಿ ಕಾದರು. "ಏನು ತಾಯಿ, ನಮ್ಮ ಮೊಟ್ಟೆಗೇ ಬಂತಾ ಗ್ರಹಚಾರ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಸಾರ್ ಹೊಸ ಸ್ಲೈಡ್ ಮಾಡಿಸಿ ನೋಡಿ ಬಿಟ್ಟುಕೊಟ್ಟರು. ಕೊಬ್ಬಿನ ಹನಿ ದುಂಡಗೆ, ಒಂದೊಂದು ಒಂದೊಂದು ಗಾತ್ರ. ಬೀಜಾಣು ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದ ಹಾಗೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಕಣ್ಣಿಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಎಷ್ಟು ಮುಚ್ಚಬೇಕು? ಕಣ್ಣ ಲೆನ್ಸ್ ಒಂದನ್ನು ಹೊರಗೆಳೆದು ಕೊಳವೆಯೊಳಗೆ ಬರಿಗಣ್ಣಲ್ಲಿ ನೋಡಿ. ಕೆಳಗೆ ಬೆಳಕಿನ ಬಿಲ್ಲೆ ಕಾಣುತ್ತದೆ. ಐರಿಸ್ ಸರಿಸುತ್ತಾ ಬಂದರೆ ಬಿಲ್ಲೆ ಚಿಕ್ಕದಾಗುತ್ತದೆ. ಬಿಲ್ಲೆಯ ಅಗಲ ಮೂರರಲ್ಲಿ ಎರಡು ಪಾಲು ಉಳಿದಾಗ ನಿಲ್ಲಿಸಿ. ಬಣ್ಣ ಹಾಕದ ಸ್ಲೈಡಿಗೆ ಬೇಕಾದರೆ ಇನ್ನೊಂದು ಚೂರು ಮುಚ್ಚಿ. ಬೆಳಕು ಹೆಚ್ಚು ಕಡಿಮೆ ಮಾಡಲು ದೀಪದ ಗುಂಡಿ ಬೇರೆ ಇದೆ, ಐರಿಸ್ ಇರುವುದು ಅದಕ್ಕಲ್ಲ.

ಇನ್ನು ಕೋಠಿಯಲ್ಲಿ ಮೈಕ್ರೋಸ್ಕೋಪಿಗೆ ದೊಡ್ಡ ಶತ್ರು ಚಿಟ್ಟೆಯೇ. ಅದರ ರೆಕ್ಕೆಯ ಹುಡಿ ಹಿಟ್ಟಿನ ಹಾಗೆ ಎಲ್ಲ ಕಡೆ ಹಾರುತ್ತದೆ. ನಮ್ಮ ಮೂಗಿಗೆ ಹೋಗಿ ಸೀನು ಬರುವ ಹಾಗೆ ಲೆನ್ಸಿಗೂ ಹೋಗುತ್ತದೆ. ಚಿಟ್ಟೆ ಕೋಣೆಗೆ ಹೊಂದಿಕೊಂಡ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಲೆ ಕಂಡಾಗ ಸಿಕ್ಕಿದ್ದನ್ನೆಲ್ಲ ಒರೆಸಲು ಹೋಗಬೇಡಿ, ಮೊದಲು ಎಲ್ಲಿದೆ ಅಂತ ಹುಡುಕಿ. ಸ್ಲೈಡ್ ಸರಿಸಿದರೆ ಕಲೆಯೂ ಸರಿದರೆ ಅದು ಸ್ಲೈಡಿನದು. ಕಣ್ಣ ಲೆನ್ಸ್ ತಿರುಗಿಸಿದರೆ ಜೊತೆಗೆ ತಿರುಗಿದರೆ ಅಲ್ಲಿನದು. 40ರಿಂದ 10ಕ್ಕೆ ಬದಲಿಸಿದಾಗ ಮಂಜು ಮಾಯವಾದರೆ ಕೊಳೆ 40ರ ಮೂತಿಯಲ್ಲಿದೆ.

ನಮ್ಮಲ್ಲಿ ಸಾಮಾನ್ಯವಾಗಿ ಕೊಳೆ ಕೂರುವುದು ಆ ಮೂತಿಯಲ್ಲೇ. ಹನಿ ದೊಡ್ಡದಾದರೆ ಕವರ್ ಗ್ಲಾಸಿನ ಪಕ್ಕದಿಂದ ಉಕ್ಕಿ ಲೆನ್ಸಿಗೆ ತಾಗುತ್ತದೆ. ಎರಡರ ನಡುವೆ ಇರುವುದೇ ಅರ್ಧ ಮಿಲಿಮೀಟರ್ ಚಿಲ್ಲರೆ ಜಾಗ. ಒಂದು ಸಲ ಎರಡು ದಿನ ಎಲ್ಲ ಮಸುಕು ಮಸುಕು. ನನಗೆ ಕನ್ನಡಕ ಬಂತು ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗುವವಳಿದ್ದೆ. ಲೆನ್ಸ್ ಬಿಚ್ಚಿ, ಕಣ್ಣ ಲೆನ್ಸನ್ನು ತಲೆಕೆಳಗು ಹಿಡಿದು ಭೂತಗನ್ನಡಿ ಮಾಡಿಕೊಂಡು ನೋಡಿದರೆ ಮೂತಿಯ ಮೇಲೆ ಕಾರ್ಬೊನೇಟ್ ಒಣಗಿ ಬಿಳಿ ಹೊಪ್ಪಳೆ ಕಟ್ಟಿತ್ತು. ಅದು ಉಪ್ಪಿನ ಜಾತಿ. ಒಣಗಿದ್ದಾಗಲೇ ಉಜ್ಜಿದರೆ ಗೀರು ಬೀಳಬಹುದು. ಮೊದಲು ಡಿಸ್ಟಿಲ್ಡ್ ನೀರಲ್ಲಿ ಅದ್ದಿದ ಲೆನ್ಸ್ ಪೇಪರಿನಿಂದ ನೆನೆಸಿ ಕರಗಿಸಿ, ಆಮೇಲೆ ಒಣ ಪೇಪರಲ್ಲಿ ಒತ್ತಿ ತೆಗೆಯಬೇಕು. ಸ್ಪಿರಿಟ್ ಬೇಕೆನಿಸಿದರೆ ಪೇಪರಿನ ತುದಿಗೆ ಮಾತ್ರ. ಸುರಿದರೆ ಲೆನ್ಸ್ ಅಂಟಿಸಿದ ಗೋಂದು ಬಿಡಬಹುದು. ದುಪ್ಪಟ್ಟಾ ತುದಿಯಿಂದ ಒರೆಸುವುದು, ಬಾಯಿಂದ ಉಫ್ ಅಂತ ಊದುವುದು ಎರಡೂ ಬೇಡ. ಊದಲು ರಬ್ಬರ್ ಬುರುಡೆ ಸಿಗುತ್ತದೆ.

ಎಷ್ಟು ತಿರುಗಿಸಿದರೂ 40ರಲ್ಲಿ ಚಿತ್ರ ಚೂಪಾಗುತ್ತಿಲ್ಲವಾ? ಸ್ಲೈಡ್ ತಲೆಕೆಳಗಾಗಿ ಇಟ್ಟಿದ್ದೀರಾ, ಎರಡು ಕವರ್ ಗ್ಲಾಸ್ ಅಂಟಿಕೊಂಡಿವೆಯಾ ನೋಡಿ. ಲೆನ್ಸಿನ ಮೈಮೇಲೆ 0.17 ಅಂತ ಕೊರೆದಿರುತ್ತದಲ್ವಾ, ಅದು ಕವರ್ ಗ್ಲಾಸ್ ಎಷ್ಟು ಮಿಲಿಮೀಟರ್ ದಪ್ಪ ಇರಬೇಕು ಅನ್ನುವ ಲೆಕ್ಕ.

ಕೋಣೆಗೆ ಬ್ಲೀಚಿಂಗ್ ಪೌಡರ್ ಅಥವಾ ಫಾರ್ಮಲಿನ್ ಹೊಡೆಯುವ ದಿನ ಮೈಕ್ರೋಸ್ಕೋಪ್ ಹೊರಗೆ. ಒಂದು ಕೈ ಕತ್ತಿನಲ್ಲಿ, ಇನ್ನೊಂದು ಅಡಿಯಲ್ಲಿ, ಮಗು ಎತ್ತಿದ ಹಾಗೆ.

ಮಳೆಗಾಲದ ಕಾಟ ಬೂಸ್ಟು. ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹಬ್ಬುತ್ತದೆ, ಗಾಜನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ ಮುಸುಕು ಧೂಳಿಗೆ ಸರಿ, ತೇವಕ್ಕೆ ಉಪಯೋಗವಿಲ್ಲ. ನಾವು ರಾತ್ರಿ ಪೆಟ್ಟಿಗೆಯಲ್ಲಿಟ್ಟು ಜೊತೆಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್ ಇಡುತ್ತೇವೆ. ನೀಲಿ ಇದ್ದರೆ ಚೆನ್ನಾಗಿದೆ. ಗುಲಾಬಿ ಆದರೆ ತೇವ ಕುಡಿದು ಹೊಟ್ಟೆ ತುಂಬಿದೆ ಅಂತ ಅರ್ಥ. ಹುರಿದರೆ ಮತ್ತೆ ನೀಲಿ. ಟೀ ಕಾಯಿಸುವ ಒಲೆಯ ಮೇಲೆ ಸಣ್ಣ ಉರಿಯಲ್ಲಿ ನಾನೇ ಹುರಿಯುತ್ತೇನೆ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ಹಾಗಾಗಿ ಅದಕ್ಕೊಂದು ಬೇರೆ ಬಾಣಲೆ ಇಟ್ಟು "ಇದರಲ್ಲಿ ಕಡಲೆಕಾಯಿ ಬೀಜ ಹುರಿಯಬೇಡಿ" ಅಂತ ಬರೆದು ಅಂಟಿಸಿದ್ದೇನೆ. ಹೋದ ವಾರ ಯಾರೋ ಚೀಟಿ ಕಿತ್ತಿದ್ದಾರೆ. ಇನ್ನು ಬಾಣಲೆಯನ್ನೇ ಮೈಕ್ರೋಸ್ಕೋಪಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ.