ಒರಿಜಿನಲ್ ಬೀರುವಿನಲ್ಲಿದೆ, ಸರಿ. ತಾರೀಖು ನೋಡಿದ್ರಾ?

ಕೋಲಾರದ ಕಡೆ ಖಾಸಗಿ ಆಸ್ಪತ್ರೆಗಳಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಇದನ್ನು ಓದಿ ಸ್ವಲ್ಪ ಕೋಪ ಬರಬಹುದು. ಬರಲಿ. ನರ್ಸ್‌ಗಳು ಕೆಲಸಕ್ಕೆ ಸೇರಿದ ದಿನವೇ ಅವರ ಒರಿಜಿನಲ್ ಸರ್ಟಿಫಿಕೇಟ್‌ಗಳನ್ನೆಲ್ಲ ಇಸ್ಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನು ನಾವು ಬಿಡಬೇಕು.

"ಒರಿಜಿನಲ್ ನಮ್ಮ ಹತ್ರ ಇದ್ರೆ ಹುಡುಗಿ ಎಲ್ಲೂ ಹೋಗಲ್ಲ" ಅನ್ನೋದು ಮ್ಯಾನೇಜ್‌ಮೆಂಟ್ ಲೆಕ್ಕ. ಹೋಗುವವರು ಹೋಗೇ ಹೋಗುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಸಂಬಳ ಸ್ವಲ್ಪ ಜಾಸ್ತಿ ಅಂದರೆ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಹೊರಟುಬಿಡುತ್ತಾರೆ. ಉಳಿಯುವವರು ಸರ್ಟಿಫಿಕೇಟ್ ಸಿಕ್ಕಿಕೊಂಡಿದೆ ಅಂತ ಒಳಗೊಳಗೇ ಬೈದುಕೊಂಡು ಉಳಿಯುತ್ತಾರೆ, ಅಷ್ಟೇ. ಅವರು ಓದಿ ಸಂಪಾದಿಸಿದ ಕಾಗದ ಅದು, ನಮ್ಮದಲ್ಲ ಅಲ್ವಾ?

ನನ್ನ ತಕರಾರು ಅದಕ್ಕಿಂತಲೂ ಬೇರೆ. ಬೀಗ ಹಾಕಿದ ತಕ್ಷಣ ಚೆಕ್ ಮಾಡಿಬಿಟ್ಟೆವು ಅಂತ ಎಲ್ಲರಿಗೂ ಒಂದು ನಿರಾಳ ಬಂದುಬಿಡುತ್ತದೆ. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಷನ್ ಬರುತ್ತದೆ ಅಂತ ಫೈಲ್‌ಗಳನ್ನು ಹೊರಗೆ ತೆಗೆದೆವು. ಐಸಿಯು ಸ್ಟಾಫ್ ನರ್ಸ್ ಒಬ್ಬರ ಫೈಲ್ ನೋಡೋಕೆ ಬಹಳ ಚೆಂದ. ಪ್ಲಾಸ್ಟಿಕ್ ಕವರಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜಿಎನ್‌ಎಂ (ನರ್ಸಿಂಗ್) ಡಿಪ್ಲೊಮಾ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಎಲ್ಲ ಒರಿಜಿನಲ್. ರಿಜಿಸ್ಟ್ರೇಷನ್ ಮಾತ್ರ ಅವಧಿ ಮುಗಿದು ಎಷ್ಟೋ ದಿನ ಆಗಿತ್ತು. ಆ ಸಿಸ್ಟರ್‌ಗೂ ಗೊತ್ತಿರಲಿಲ್ಲ, ಕಾಗದ ಅವರ ಕೈಯಲ್ಲಿ ಇದ್ದರೆ ತಾನೇ ನೋಡೋದು!

ಗಾಡಿ ಇನ್ಶೂರೆನ್ಸ್ ಮುಗಿಯುವ ತಿಂಗಳು ಮೊದಲೇ ಏಜೆಂಟ್ ಫೋನ್ ಮೇಲೆ ಫೋನ್ ಮಾಡುತ್ತಾನೆ, ರಿಜಿಸ್ಟ್ರೇಷನ್‌ಗೆ ಅಂಥ ಏಜೆಂಟ್ ಇಲ್ಲ. ಆ ಕೆಲಸ ಎಚ್‌ಆರ್‌ದೇ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಡಾಕ್ಟರ್‌ಗಳು 5 ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕು, ಅದಕ್ಕೆ 30 ಸಿಎಂಇ ಪಾಯಿಂಟ್, ಅಂದರೆ ಓದು ಮುಗಿದ ಮೇಲೂ ಕಲಿಯುತ್ತಿದ್ದೇವೆ ಅನ್ನುವುದಕ್ಕೆ ಸಿಗುವ ಅಂಕ, ತೋರಿಸಬೇಕು. ಎದೆ ಒತ್ತಿ ಜೀವ ಉಳಿಸುವ ತರಬೇತಿಯ ಬಿಎಲ್‌ಎಸ್ ಕಾರ್ಡ್ 2 ವರ್ಷಕ್ಕೆ ಮುಗಿಯುತ್ತದೆ. ಎಕ್ಸ್‌ರೇ ಟೆಕ್ನಿಷಿಯನ್ ಹಾಕಿಕೊಳ್ಳುವ, ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ 3 ತಿಂಗಳಿಗೊಮ್ಮೆ ಕಳಿಸಿ, ಡೋಸ್ ರಿಪೋರ್ಟ್ ಬಂದ ಮೇಲೆ ಫೈಲಿಗೆ ಸೇರಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಮೊದಲ ದಿನ, ತಿಂಗಳಿಗೆ, ಆರು ತಿಂಗಳಿಗೆ ಅಂತ 3 ಡೋಸ್. ಮೊದಲನೆಯದನ್ನು ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಮೂರನೆಯದರ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಸೂಜಿ ಚುಚ್ಚಿಸಿಕೊಳ್ಳುವ ಅಪಾಯ ಕಸ ಎತ್ತುವ ಅಕ್ಕಂದಿರಿಗೂ ಇದೆ, ಆದರೆ ಅವರಿಗೆ ಫೈಲೇ ಇರುವುದಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ತಲೆನೋವು ಗಡಿ. ಮುಳಬಾಗಿಲು ದಾಟಿದರೆ ಆಂಧ್ರ, ಕೆಜಿಎಫ್ ಕಡೆ ಹೋದರೆ ತಮಿಳುನಾಡೂ ದೂರವಿಲ್ಲ. ನರ್ಸ್‌ಗಳಲ್ಲಿ ಕೇರಳದವರೂ ಇದ್ದಾರೆ. ಬೇರೆ ರಾಜ್ಯದ ಕೌನ್ಸಿಲ್ ನಂಬರ್ ಸರಿಯಾಗಿದ್ದರೂ ಇಲ್ಲಿ ಕೆಲಸ ಮಾಡಲು ಕರ್ನಾಟಕದಲ್ಲೂ ನೋಂದಣಿ ಆಗಬೇಕು. "ಅಪ್ಲೈ ಮಾಡಿದೀನಿ ಸಾರ್" ಅನ್ನುವ ಒಂದೇ ಮಾತಿನ ಮೇಲೆ ವರ್ಷಗಟ್ಟಲೆ ಡ್ಯೂಟಿ ನಡೆಯುವುದೂ ಉಂಟು. ಅಪ್ಲಿಕೇಷನ್ ನಂಬರ್ ಕೇಳಿ, ಬರೆದಿಟ್ಟುಕೊಳ್ಳಿ.

ಹೆಸರಿನ ಕಥೆ ಇನ್ನೂ ದೊಡ್ಡದು. ಮಾರ್ಕ್ಸ್ ಕಾರ್ಡಿನಲ್ಲಿ ಎನ್. ಮುನಿರತ್ನಮ್ಮ, ಆಧಾರ್‌ನಲ್ಲಿ ಮುನಿರತ್ನ, ಮದುವೆ ಆದಮೇಲೆ ಬ್ಯಾಂಕಿನಲ್ಲಿ ಗಂಡನ ಹೆಸರೂ ಸೇರಿಕೊಂಡಿದೆ, ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಕಡೆ ಎಚ್ ಇದೆ ಇನ್ನೊಂದು ಕಡೆ ಇಲ್ಲ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ, ಸಿಗಲಿಲ್ಲ ಅಂದ ಮಾತ್ರಕ್ಕೆ ಸರ್ಟಿಫಿಕೇಟ್ ನಕಲಿ ಅಂತ ಗಾಬರಿ ಬೀಳಬೇಡಿ. ರಿಜಿಸ್ಟ್ರೇಷನ್ ನಂಬರ್ ಹಾಕಿ, ಓದಿದ ಸಂಸ್ಥೆ ಮತ್ತು ವರ್ಷ ತಾಳೆ ನೋಡಿ.

ಎಲ್ಲಕ್ಕಿಂತ ತೆಳ್ಳಗಿನ ಫೈಲ್ ಯಾರದು ಗೊತ್ತಾ? ವಾರಕ್ಕೊಮ್ಮೆ ಬೆಂಗಳೂರಿಂದ ಬರುವ ವಿಸಿಟಿಂಗ್ ಕನ್ಸಲ್ಟೆಂಟ್‌ದು. ಒಂದು ವಿಸಿಟಿಂಗ್ ಕಾರ್ಡ್, ಒಂದು ಫೋಟೋ, ಮುಗೀತು. "ಸಾರ್‌ನ ಹೇಗೆ ಕೇಳೋದು" ಅಂತ ಸಂಕೋಚ. ಆದರೆ ಆಪರೇಷನ್ ಮಾಡುವವರು ಅವರೇ! ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳಿಗೆ ಇರುವ ಕರ್ನಾಟಕದ 2007ರ ಕಾಯ್ದೆಯಲ್ಲಿ, ರಿಜಿಸ್ಟ್ರೇಷನ್ ಆಸ್ಪತ್ರೆಯ ಹೆಸರಿನಲ್ಲಿ ಇರುತ್ತದೆ. ಹೆಚ್ಚುಕಮ್ಮಿ ಆದರೆ ಮೊದಲು ಉತ್ತರ ಹೇಳಬೇಕಾದವರು ನಾವೇ. ಹಾಗೇ ನೈಟ್ ಡ್ಯೂಟಿಯ ಬಿಎಎಂಎಸ್ ಡಾಕ್ಟರ್‌ಗಳದ್ದೂ. ಅವರ ನೋಂದಣಿ ಆಯುರ್ವೇದ ಯುನಾನಿ ಮಂಡಳಿಯಲ್ಲಿರುತ್ತದೆ, ಮೆಡಿಕಲ್ ಕೌನ್ಸಿಲ್‌ನಲ್ಲಿ ಅಲ್ಲ. ಎಲ್ಲರನ್ನೂ 'ಡ್ಯೂಟಿ ಡಾಕ್ಟರ್' ಅಂತ ಒಂದೇ ಕಾಲಂನಲ್ಲಿ ಬರೆದಿಟ್ಟರೆ ಯಾರು ಏನು ಮಾಡಬಹುದು ಅನ್ನೋದೇ ಮರೆತುಹೋಗುತ್ತದೆ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರು ಡಿಗ್ರಿ ಚೆಕ್ ಮಾಡುವುದು ಬೇರೆ, ಈ ಆಸ್ಪತ್ರೆಯಲ್ಲಿ ಯಾವ ಕೆಲಸ ಮಾಡಲು ಅನುಮತಿ ಇದೆ ಅಂತ ಬರೆದುಕೊಡುವುದು ಬೇರೆ ಅನ್ನುವುದು ಇದಕ್ಕೇ.

ಹಾಗಾದರೆ ಏನು ಮಾಡೋದು? ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕಿಲ್ಲ. ಒರಿಜಿನಲ್ ಎದುರಿಗೇ ನೋಡಿ, ಸ್ಕ್ಯಾನ್ ಮಾಡಿ, ಅಲ್ಲೇ ವಾಪಸ್ ಕೊಡಿ. ಒಂದು ಎಕ್ಸೆಲ್ ಶೀಟ್ ಸಾಕು. ಕೌನ್ಸಿಲ್, ನಂಬರ್, ಮುಗಿಯುವ ತಾರೀಖು, ಜೊತೆಗೆ ಯಾರು ಯಾವ ದಿನ ವೆಬ್‌ಸೈಟಿನಲ್ಲಿ ನೋಡಿದರು ಅನ್ನುವ ಕಾಲಂ. ಈ ಕೊನೆಯ ಕಾಲಂ ಇಲ್ಲದ ಶೀಟ್ ಸುಮ್ನೆ ಅಲಂಕಾರಕ್ಕೆ. ಮೂರು ತಿಂಗಳು ಮೊದಲೇ ಹಳದಿ ಬಣ್ಣ ಬರುವ ಹಾಗೆ ಮಾಡಿ. ಆ ಶೀಟ್ ನಿಮ್ಮ ಕಂಪ್ಯೂಟರ್‌ನಲ್ಲೇ ಕೂತಿದ್ದರೂ ಪ್ರಯೋಜನ ಇಲ್ಲ, ಡ್ಯೂಟಿ ಚಾರ್ಟ್ ಹಾಕುವ ನರ್ಸಿಂಗ್ ಸೂಪರಿಂಟೆಂಡೆಂಟ್ ಕಣ್ಣಿಗೆ ಬೀಳಬೇಕು.

ಮತ್ತೆ ದಯವಿಟ್ಟು, ಸ್ಟಾಫ್ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್‌ಗಳನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಿಸಬೇಡಿ. ಗ್ರೂಪಿನಿಂದ ಫಾರ್ವರ್ಡ್ ಆಗಿ ಹೊರಗೆ ಹೋದ ಕಾಗದವನ್ನು ಯಾವ ಬೀಗವೂ ತಡೆಯುವುದಿಲ್ಲ. ಈಗಾಗಲೇ ಬೀರುವಿನಲ್ಲಿ ಒರಿಜಿನಲ್ ಇದ್ದರೆ ಒಬ್ಬೊಬ್ಬರನ್ನೇ ಕರೆದು, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟುಬಿಡಿ. ಮಾಲೀಕರು ಒಪ್ಪದಿದ್ದರೆ ಅವಧಿ ಮುಗಿದ ಸರ್ಟಿಫಿಕೇಟ್ ಒಂದನ್ನು ಹುಡುಕಿ ಅವರ ಟೇಬಲ್ ಮೇಲಿಡಿ. ಬೀರುವಿನಲ್ಲಿ ಒಂದಾದರೂ ಸಿಗುತ್ತದೆ.