ಸಿಪ್ಪೆ ರಾಶಿಯ ಒಳಗಿನ ಕೆಂಡ

ಮಾರ್ಚ್ 2, 2025, ಭಾನುವಾರ
ಹೊಸನಗರ ತಾಲ್ಲೂಕು

ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ತಲೆಯಿಂದ ಹೊಗೆ ವಾಸನೆ ಹೋಗಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. "ಸೊಪ್ಪಿನ ಬೆಟ್ಟದಲ್ಲಿ ಹೊಗೆ!" ಅಂತ ಅತ್ತೆ ಹಿತ್ತಲಿನಿಂದ ಕೂಗಿದರು. ತೋಟಕ್ಕೆ ಸೊಪ್ಪು ತರುವ ಆ ಕಾಡಿಗೆ ಓಡಿ ಹೋದರೆ ಕರಡದ ಒಣ ಹುಲ್ಲು ಚಟಚಟ ಉರಿಯುತ್ತಿತ್ತು. ಗುಡ್ಡ ಹತ್ತುವ ಬೆಂಕಿಗೆ ಓಟ ಜಾಸ್ತಿ. ಮೇಲಿನ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಕಾಯಿಸಿ ಒಣಗಿಸಿಕೊಂಡೇ ಮುಂದೆ ಹೋಗುತ್ತದೆ. ಅದಕ್ಕೇ ಮೇಲುಗಡೆ ನಿಲ್ಲಬೇಡಿ ಅಂತ ಮಾವ ಯಾವಾಗಲೂ ಹೇಳುತ್ತಿದ್ದರು. ಪಕ್ಕದಿಂದ ಹಸಿ ಸೊಪ್ಪಿನ ಟೊಂಗೆಯಲ್ಲಿ ಬಡಿದೆವು. ಕೇರಿಯ ಹನ್ನೊಂದು ಜನ ಬಂದರು. ಫೋನ್ ಮಾಡಿದ ಮೇಲೆ ಅರಣ್ಯದ ವಾಚರ್‌ಗಳೂ ಬಂದು, ಮುಂದೆ ದರಕು ಗುಡಿಸಿ ಬೆಂಕಿ ಗೆರೆ ಮಾಡಿದರು. ಎರಡೂವರೆ ಗಂಟೆ ಹಿಡಿಯಿತು.

ಮತ್ತಿ ಮರಗಳು ಉಳಿದವು, ಅವುಗಳ ತೊಗಟೆ ದಪ್ಪ. ಕಳೆದ ಮಳೆಗಾಲದಲ್ಲಿ ಎದ್ದಿದ್ದ ಹೊನ್ನೆ, ನೇರಳೆ ಸಸಿ ಒಂದೂ ಇಲ್ಲ. ಪೊದೆಯ ಬುಡದಲ್ಲಿ ಕಾಡುಕೋಳಿಯ ನಾಲ್ಕು ಮೊಟ್ಟೆ ಕಪ್ಪಾಗಿ ಬಿದ್ದಿದ್ದವು. ನೋಡಲಾಗಲಿಲ್ಲ.

ಬೆಂಕಿ ಬಂದದ್ದು ನಮ್ಮದೇ ಅಡಿಕೆ ಸಿಪ್ಪೆಯಿಂದ. ಶಿವರಾತ್ರಿ ಹಿಂದಿನ ದಿನ ರಾಶಿಗೆ ಬೆಂಕಿ ಕೊಟ್ಟು, ಸಂಜೆ ಮೇಲಿಂದ ನಾಲ್ಕು ಕೊಡ ನೀರು ಹಾಕಿ ಸುಮ್ನಾದೆವು. ಸಿಪ್ಪೆ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಇವತ್ತಿನ ಗಾಳಿಗೆ ಕಿಡಿ ಹಾರಿತು. ನಮ್ಮ ಕಾಡಿಗೆ ತಾನಾಗಿ ಬೆಂಕಿ ಬೀಳುವುದು ಅಪರೂಪ, ಹಚ್ಚುವವರು ನಾವೇ ಅಲ್ವಾ? 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ, ಯಾವ ಪಾಪಿ ಹಚ್ಚಿದನೋ ಅಂತ ಟಿವಿ ಮುಂದೆ ಕೂತು ಬೈದಿದ್ದೆ.

ಮನೆ ಉಳಿದದ್ದು ಅತ್ತೆಯಿಂದ. ಚಳಿ ಮುಗಿಯುತ್ತಲೇ ಹೆಂಚಿನ ಸಂದಿಯ, ಮಳೆನೀರು ಹರಿಯುವ ದಂಬೆಯ ದರಕನ್ನೆಲ್ಲ ತೆಗೆಸುತ್ತಾರೆ. ಸೌದೆಯನ್ನು ಗೋಡೆಗೆ ಒಟ್ಟಲು ಬಿಡುವುದಿಲ್ಲ. ಹುಲ್ಲಿನ ಗೊಣಬೆ ಕೊಟ್ಟಿಗೆಯಿಂದ ದೂರ. ಮನೆ ಸುತ್ತ ಹತ್ತು ಮಾರು ಕೆರೆದು ಬೋಳು ಮಾಡಿಸಿದ್ದರು. ಅಂಗಳಕ್ಕೆ ಕಿಡಿ ಬಿದ್ದವು, ಹತ್ತಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ತೋಟದ ಅಂಚಿನ ಡ್ರಿಪ್ ಪೈಪ್ ಮಾತ್ರ ಕರಗಿತು.

ರಾತ್ರಿ ಒಂಬತ್ತಕ್ಕೆ ಗುದ್ದಲಿ ಹಿಡಿದು ರಾಶಿ ಬಗೆದೆ. ಒಂದು ಮೊಳ ಕೆಳಗೆ ಇನ್ನೂ ಕೆಂಡ! ಹರಡಿ ನೀರು ಸುರಿದೆವು. ಕೈಯಿಟ್ಟು ನೋಡಿ ಮತ್ತೆ ಸುರಿದೆವು. ಸುಡದೆ ಉಳಿದ ಸಿಪ್ಪೆಯೆಲ್ಲ ನಾಳೆ ಗೊಬ್ಬರದ ಗುಂಡಿಗೆ. ಬೆಟ್ಟದ ಒಣ ಮರದ ಕುಂಟೆಗಳಲ್ಲಿ ಹೊಗೆ ಕಾಣುತ್ತಿದೆ. ಬೆಳಿಗ್ಗೆ ಆರಕ್ಕೇ ಕೊಡ ಹೊತ್ತು ಹೊರಡಬೇಕು.