ಲ್ಯಾಂಕಾಸ್ಟರಿನಲ್ಲಿ ಸಕ್ಕರೆ ಅಚ್ಚು

"ಅಜ್ಜಿ ಮನೇಲಿ ಸಕ್ಕರೆ ಆನೆ ಆಗತ್ತಲ್ಲ, ಇಲ್ಲಿ ಸಕ್ಕರೆಗೆ ಯಾಕೆ ಆನೆ ಆಗೋಕ್ಕೆ ಬರಲ್ಲ?"

ಜನವರಿ ಹುಟ್ಟಿತೆಂದರೆ ಮಗುವಿನ ಪ್ರಶ್ನೆ ಇದು. ಸಕ್ಕರೆ ಇದೆ, ಬಾಣಲೆ ಇದೆ, ಒಲೆಯೂ ಇದೆ. ಇಲ್ಲದ್ದು ಮರದ ಅಚ್ಚು. ಅದು ಊರಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಹಾಗೇ ಇದೆ.

ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕಡೆ ಸಂಕ್ರಾಂತಿಯ ಹೊತ್ತಿಗೆ ಹಿಮ ಬಿದ್ದಿರುತ್ತದೆ, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆಮಿಶ್ ರೈತರ ಕೊಟ್ಟಿಗೆಗಳಲ್ಲಿ ಹಸುಗಳಿಗೇನೂ ಬರವಿಲ್ಲ, ಕಿಚ್ಚು ಹಾಯಿಸುವವರು ಇಲ್ಲ, ಅಷ್ಟೆ. ಈ ತಿಂಗಳಲ್ಲಿ ನಮ್ಮ ಗಡಿಯಾರ ಊರಿಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ 14ರ ಬೆಳಿಗ್ಗೆ ಒಂಬತ್ತಕ್ಕೆ ಸಂಕ್ರಮಣ ಬಿದ್ದರೆ ಇಲ್ಲಿನ್ನೂ 13ರ ರಾತ್ರಿ ಹತ್ತೂವರೆ. ಹಾಗಾಗಿ ಊರಿನ ಕ್ಯಾಲೆಂಡರ್ ನೋಡಿ ದಿನ ಹಿಡಿಯುವ ಹಾಗಿಲ್ಲ, ಇಲ್ಲಿನ ಊರಿಗೇ ಲೆಕ್ಕ ಹಾಕಿದ ಪಂಚಾಂಗ ನೋಡಬೇಕು. ಅದು ಹೇಳುವುದು ವಾರದ ನಡುವಿನ ದಿನವಾದರೆ ಬೆಳಿಗ್ಗೆ ದೀಪ ಹಚ್ಚಿ ಸಿಹಿ ಹುಗ್ಗಿ ನೈವೇದ್ಯ, ಎಳ್ಳು ಬೀರುವುದು ಸಂಜೆ, ಸ್ಕೂಲು ಆಫೀಸು ಮುಗಿದ ಮೇಲೆ.

ಎಳ್ಳು ಬೆಲ್ಲಕ್ಕೆ ವಾರ ಮೊದಲೇ ಕೈ ಹಚ್ಚಬೇಕು. ಐದಾರು ಮನೆಗೆ ಸಾಕಾಗುವಷ್ಟಕ್ಕೆ ಕಾಲು ಕಾಲು ಕೆಜಿ ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಅದಕ್ಕೆ ನೂರು ಗ್ರಾಂ ಬಿಳಿ ಎಳ್ಳು. ಸೂಪರ್ ಮಾರ್ಕೆಟ್ಟಿನಲ್ಲಿ ತುರಿದಿಟ್ಟ ಒಣ ಕೊಬ್ಬರಿ ಸಿಗುತ್ತದೆ, ಅದು ಚಟ್ನಿಪುಡಿಗೆ ಸರಿ, ಎಳ್ಳಿಗೆ ಬೇಡ. ಎಣ್ಣೆ ಆರಿಹೋಗಿ ಬಾಯಲ್ಲಿ ಮರದ ಪುಡಿ ತಿಂದ ಹಾಗಾಗುತ್ತದೆ. ಇಂಡಿಯನ್ ಸ್ಟೋರಿನಲ್ಲಿ ಗಿಟುಕೇ ಹುಡುಕಿ, ಕೊಳ್ಳುವ ಮುಂಚೆ ಪ್ಯಾಕೆಟ್ಟಿನ ಮೂಲೆ ಮೂಸಿ. ಕಮಟು ವಾಸನೆ ಇದ್ದರೆ ಅಲ್ಲೇ ಬಿಡಿ, ಒಂದು ಕೆಟ್ಟ ಹೋಳು ಇಡೀ ಡಬ್ಬವನ್ನು ಕೆಡಿಸುತ್ತದೆ. ಬೆನ್ನಿನ ಕಂದು ಸಿಪ್ಪೆ ಹೆರೆದು, ತೆಳ್ಳಗೆ ಸೀಳಿ, ಆಮೇಲೆ ಅಡ್ಡಡ್ಡ ಕತ್ತರಿಸುವುದು.

ಊರಿನಲ್ಲಾದರೆ ಮುಂದಿನ ಕೆಲಸ ತಾರಸಿಯ ಬಿಸಿಲಿನದು. ಇಲ್ಲಿನ ಜನವರಿ ಬಿಸಿಲಿಗೆ ಬೆಳಕಿದೆ, ಕಾವಿಲ್ಲ. ಕೊಬ್ಬರಿಯನ್ನು ಓವನ್ನಿನ ಕನಿಷ್ಠ ಉರಿಯಲ್ಲಿ, ಅಂದರೆ 170 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಬಾಗಿಲು ಬೆರಳಷ್ಟು ತೆರೆದು ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಹೆಚ್ಚಾದರೆ ಎಣ್ಣೆ ಬಿಟ್ಟು ಅಂಚು ಕೆಂಪಾಗುತ್ತದೆ. ಬೆಲ್ಲವನ್ನು ಮಾತ್ರ ಆ ಓವನ್ನಿಗೆ ತೋರಿಸಲೂಬಾರದು. ಇಲ್ಲಿ ಸಿಗುವ ಬೆಲ್ಲ ಬಹುಪಾಲು ಮೆತ್ತನೆಯದು, ಬೆಚ್ಚಗಾದರೆ ಹೋಳುಗಳೆಲ್ಲ ಒಂದೇ ಮುದ್ದೆ. ಇರುವುದರಲ್ಲಿ ಗಟ್ಟಿ ಅಚ್ಚು ಬೆಲ್ಲ ಆರಿಸಿ, ಅಡಕತ್ತರಿಯಲ್ಲಿ ಕತ್ತರಿಸಿ, ತಟ್ಟೆಗೆ ಕಾಗದ ಹಾಸಿ ಹರಡಿ, ನೆಲದ ಹೀಟರ್ ಕಿಂಡಿಯಿಂದ ಎರಡು ಮೊಳ ದೂರ ಇಡಬೇಕು. ಈ ದೇಶದ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣ. ಬೆಲ್ಲಕ್ಕೆ ಬೇಕಾದ್ದೂ ಅದೇ. ಎರಡು ದಿನದಲ್ಲಿ ಹೋಳು ಹೋಳು ಬಿಡಿಯಾಗಿ ಖಣಖಣ ಅನ್ನುತ್ತವೆ.

ಕಡಲೆಕಾಯಿ ಬೀಜ 325 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ಹೊರಗೆ ತೆಗೆದ ಮೇಲೂ ಒಳಗಿನ ಕಾವಿಗೆ ಹುರಿಯುತ್ತಲೇ ಇರುವುದರಿಂದ ಬಣ್ಣ ಬರುವವರೆಗೆ ಕಾಯಬೇಡಿ. ಎಳ್ಳಿನ ವಿಷಯದಲ್ಲಿ ಎಲೆಕ್ಟ್ರಿಕ್ ಒಲೆಯನ್ನು ನಂಬಬಾರದು, ಸ್ವಿಚ್ ಆರಿಸಿದರೂ ಸುರುಳಿ ಕೆಂಪಗೇ ಇರುತ್ತದೆ. ಮೊದಲ ಚಟಪಟಕ್ಕೇ ಬಾಣಲೆ ಎತ್ತಿ ಪಕ್ಕಕ್ಕಿಡಬೇಕು. ಎಲ್ಲ ಪೂರ್ತಿ ತಣ್ಣಗಾದ ಮೇಲೆಯೇ ಬೆರೆಸುವುದು, ಬೆಲ್ಲ ಕಟ್ಟಕಡೆಗೆ.

ಹಬ್ಬದ ಉಳಿದ ಸಾಮಾನಿಗೆ ಅಷ್ಟು ಪರದಾಟವಿಲ್ಲ. ಹಿತಕಿದ ಅವರೆಗೆ ಬದಲು ಗುಜರಾತಿಗಳ ಸುರ್ತಿ ಪಾಪ್ಡಿ ಲಿಲ್ವ ಫ್ರೀಜರಿನಲ್ಲಿ ಸಿಗುತ್ತದೆ, ಸೊಗಡು ಒಂದು ಬಿಟ್ಟು ಮಿಕ್ಕೆಲ್ಲ ಇದೆ. ಲ್ಯಾಂಕಾಸ್ಟರಿನಲ್ಲಿ ಪೋರ್ಟೊರಿಕೊದವರು ಬಹಳ, ಅವರ ಅಂಗಡಿಗಳಲ್ಲಿ ಕಬ್ಬಿನ ಜಲ್ಲೆ ಕೇಳಿ ನೋಡಬಹುದು. ಎಲಚಿಹಣ್ಣು ಸಿಗುವುದಿಲ್ಲ, ಮಕ್ಕಳಿಗೆ ಎರೆಯುವಾಗ ಕಬ್ಬಿನ ಚೂರು, ಕಾಸು, ಕಪ್ಪು ದ್ರಾಕ್ಷಿ.

ಅಚ್ಚಿಗೆ ಮಾತ್ರ ಬದಲಿಯೇ ಇಲ್ಲ ಎನ್ನುವ ಹೊತ್ತಿಗೆ ಒದಗಿ ಬಂದವರು ಪಕ್ಕದ ಮನೆಯ ಮುದುಕಿ. ಎಂಬತ್ತರ ಮೇಲಿನ ವಯಸ್ಸು, ಜರ್ಮನ್ ಮೂಲದ ಹಳೇ ಪೆನ್ಸಿಲ್ವೇನಿಯ ಮನೆತನ. ಮಗು ಬೇಲಿಯಾಚೆಗೆ ಆನೆಯ ಕಥೆ ಒಪ್ಪಿಸಿತು. ಅವರಿಗೆ ಎಷ್ಟು ತಿಳಿಯಿತೋ, ಮಾರನೇ ದಿನ ಮೊಟ್ಟೆಯ ಡಬ್ಬದಲ್ಲಿ ಹತ್ತಿ ಹಾಸಿ ಏನೋ ತಂದರು. ಎರಡು ಹೋಳಿನ ಲೋಹದ ಅಚ್ಚುಗಳು! ಹುಂಜ, ಜಿಂಕೆ, ಬುಟ್ಟಿ, ಹಾಯಿ ಕಟ್ಟಿದ ಒಂದು ಹಡಗು. ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುವುದು, ತಳದ ತೂತಿನಿಂದ ಪಾಕ ಹೊಯ್ಯುವುದು, ಥೇಟ್ ನಮ್ಮದೇ ಕ್ರಮ. ಇಲ್ಲಿನವರು ಕ್ರಿಸ್ಮಸ್ಸಿಗೆ ಕೆಂಪು, ಹಳದಿ, ಹಸಿರು ಬಣ್ಣದ ಗಾಜಿನಂಥ ಸಕ್ಕರೆ ಗೊಂಬೆ ಮಾಡುತ್ತಾರೆ, ಕ್ಲಿಯರ್ ಟಾಯ್ ಕ್ಯಾಂಡಿ ಎಂದು ಹೆಸರು. ಫಿಲಡೆಲ್ಫಿಯದ ಥಾಮಸ್ ಮಿಲ್ಸ್ ಕಂಪನಿ 19ನೇ ಶತಮಾನದಲ್ಲಿ ಇಂಥ ಅಚ್ಚುಗಳನ್ನು ಮಾಡಿ ಮಾರುತ್ತಿತ್ತು. ಅಷ್ಟು ಹಳೆಯವು ಕೈಗೆ ಸಿಕ್ಕರೆ ನೇರ ಪಾಕ ಹೊಯ್ಯಬೇಡಿ, ಆ ಕಾಲದ ಲೋಹದಲ್ಲಿ ಸೀಸ ಇದ್ದೀತು, ಪರೀಕ್ಷೆ ಮಾಡಿಸಿಯೇ ಬಳಸಬೇಕು. ಅಜ್ಜಿ ತಂದವು ಈಚಿನ ಅಲ್ಯುಮಿನಿಯಮಿನವು.

ಎರಡು ಲೋಟ ಸಕ್ಕರೆಗೆ ಮುಕ್ಕಾಲು ಲೋಟ ನೀರು. ಕುದಿ ಬಂದಾಗ ಎರಡು ಚಮಚ ಹಾಲು, ಮೇಲೆದ್ದ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸುವುದು. ಇಲ್ಲಿನ ಸಕ್ಕರೆಯಲ್ಲಿ ಕೊಳೆಯೇ ಇರುವುದಿಲ್ಲ, ಆದರೂ ಹಾಲು ಹಾಕದೆ ಕೈ ಕೇಳುವುದಿಲ್ಲ. ನಿಂಬೆರಸ ಹಿಂಡಬೇಡಿ. ಹುಳಿ ಬಿದ್ದರೆ ಸಕ್ಕರೆ ಹರಳುಗಟ್ಟುವುದು ತಡವಾಗಿ ಅಚ್ಚು ಅಂಟಂಟಾಗುತ್ತದೆ. ಒಂದೆಳೆ ಪಾಕ ಬಂದ ಮೇಲೆ ಅರ್ಧ ಲೋಟದಷ್ಟನ್ನೇ ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸಬೇಕು. ಎಲ್ಲವನ್ನೂ ಒಟ್ಟಿಗೆ ಹದಕ್ಕೆ ತಂದರೆ ಎರಡನೇ ಅಚ್ಚು ತುಂಬುವಷ್ಟರಲ್ಲಿ ಮಿಕ್ಕದ್ದು ಪಾತ್ರೆಯಲ್ಲೇ ಕಲ್ಲಾಗಿರುತ್ತದೆ. ಥರ್ಮಾಮೀಟರ್ ಇದ್ದರೆ 240 ಡಿಗ್ರಿ ಫ್ಯಾರನ್‌ಹೀಟ್. ಅಲ್ಲಿ ಇಳಿಸಿ ಬಿಡದೆ ಕೈಯಾಡಿಸುತ್ತಿದ್ದರೆ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಕಟ್ಟತೊಡಗುತ್ತದೆ. ಅದೇ ಗಳಿಗೆಯಲ್ಲಿ ಹೊಯ್ಯಬೇಕು.

ಕೈಯಾಡಿಸುವುದನ್ನು ಕಂಡು ಅಜ್ಜಿ ಗಾಬರಿಯಾದರು. ಅವರ ಪಾಕ 300 ಡಿಗ್ರಿಗೆ ಹೋಗಬೇಕು, ಸೌಟು ಮುಟ್ಟಿಸುವ ಹಾಗಿಲ್ಲ, ಹರಳುಗಟ್ಟದಿರಲಿ ಎಂದೇ ಕಾರ್ನ್ ಸಿರಪ್ ಬೆರೆಸುತ್ತಾರೆ. ಮೋಡಗಟ್ಟಿದ ಗೊಂಬೆ ಅಂದರೆ ಅವರ ಲೆಕ್ಕದಲ್ಲಿ ಕೆಟ್ಟ ಗೊಂಬೆ. ನಮ್ಮದು ಹಾಲಿನಷ್ಟು ಬೆಳ್ಳಗೆ ಬರದಿದ್ದರೆ ಕೆಟ್ಟದ್ದು. "ನಿಲ್ಲಿಸು, ನಿಲ್ಲಿಸು" ಅನ್ನುತ್ತಲೇ ರಬ್ಬರ್ ಬ್ಯಾಂಡ್ ಬಿಗಿದು ಅಚ್ಚು ಎತ್ತಿ ಹಿಡಿದರು.

ಮರದ ಅಚ್ಚಾದರೆ ರಾತ್ರಿಯೆಲ್ಲ ನೀರಿನಲ್ಲಿ ನೆನೆಸುತ್ತೇವೆ, ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ. ಲೋಹಕ್ಕೆ ಎಣ್ಣೆ ಸವರಬೇಕು, ಹತ್ತಿಯಲ್ಲಿ ಒರೆಸಿ ತೆಗೆದ ಮೇಲೆ ಉಳಿಯುವಷ್ಟೇ. ಹೆಚ್ಚಿದ್ದರೆ ಗೊಂಬೆಯ ಮೈ ತುಂಬ ಗುಳಿ. ಲೋಹ ಕಾವನ್ನು ಬೇಗ ಎಳೆದುಕೊಳ್ಳುವುದರಿಂದ ಹೊರಗಿನ ಪದರ ತಕ್ಷಣ ಕಟ್ಟುತ್ತದೆ, ಒಳಗೆ ಇನ್ನೂ ದ್ರವ. ಆಗ ಬಿಚ್ಚಿದರೆ ಜಿಂಕೆಯ ಕಾಲು ಅಲ್ಲೇ ಮುರಿಯುತ್ತದೆ. ಅಚ್ಚನ್ನು ಮೊದಲೇ ಓವನ್ನಿನಲ್ಲಿ ತುಸು ಬೆಚ್ಚಗೆ ಮಾಡಿಕೊಂಡು, ಹೊಯ್ದ ಮೇಲೆ ಹತ್ತು ಹನ್ನೆರಡು ನಿಮಿಷ ಬಿಟ್ಟು, ಪೂರ್ತಿ ತಣ್ಣಗಾಗುವ ಮೊದಲೇ ಬಿಚ್ಚಿದರೆ ಹುಂಜದ ಜುಟ್ಟು ಸಹಿತ ಈಚೆ ಬರುತ್ತದೆ. ಜಿಂಕೆಯ ಕೊಂಬು ಮಾತ್ರ ಬರುವುದಿಲ್ಲ, ಅಷ್ಟು ಸಪೂರಕ್ಕೆ ಹರಳುಗಟ್ಟಿದ ಸಕ್ಕರೆಯಲ್ಲಿ ಬಲವಿಲ್ಲ. ಕೊಂಬಿಲ್ಲದ ಜಿಂಕೆ ಕರುವಿನ ಹಾಗೇ ಕಾಣುತ್ತದೆ, ಸಂಕ್ರಾಂತಿಗೆ ಒಳ್ಳೆಯದೇ ಆಯಿತು. ಒಂದು ರಾತ್ರಿ ಬಟ್ಟೆಯ ಮೇಲೆ ಆರಿಸಿ ಡಬ್ಬಕ್ಕೆ ಹಾಕುವುದು.

ಬೀರುವುದಕ್ಕೂ ಇಲ್ಲಿ ಕಟ್ಟಳೆಯಿದೆ. ಕಡಲೆಕಾಯಿ ಬೀಜವನ್ನು ಒಳಗೆ ಬಿಡದ ಶಾಲೆಗಳು ಬಹಳ. 2023ರ ಜನವರಿ 1ರಿಂದ ಎಳ್ಳು ಕೂಡ ಅಮೆರಿಕದ ಪ್ರಮುಖ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಸೇರಿದೆ. ನಮ್ಮ ಪೊಟ್ಟಣದಲ್ಲಿ ಎರಡೂ ಇವೆ. ಆದ್ದರಿಂದ ತರಗತಿಗೆ ಸಕ್ಕರೆ ಅಚ್ಚು ಮಾತ್ರ, ಅದೂ ಟೀಚರನ್ನು ಕೇಳಿ. ನೆರೆಯವರಿಗೆ ಕೊಡುವ ಪೊಟ್ಟಣದ ಮೇಲೆ ಒಳಗಿರುವುದನ್ನೆಲ್ಲ ಬರೆಯಬೇಕು. ಎಳ್ಳು ತಿಂದು ಒಳ್ಳೆ ಮಾತಾಡಿ ಎಂದು ಕೊಟ್ಟದ್ದು ಯಾರನ್ನೂ ಆಸ್ಪತ್ರೆಗೆ ಕಳಿಸಬಾರದು. ದೇವರ ಮುಂದೆ ಇಟ್ಟ ಮೊದಲ ತಟ್ಟೆ ಹೋದದ್ದು ಪಕ್ಕದ ಮನೆಗೆ. ಎಲೆ, ಅಡಿಕೆ, ಬಾಳೆಹಣ್ಣು, ಕಬ್ಬು, ಹಡಗು. ಅಜ್ಜಿ ಕುಂಕುಮದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅಚ್ಚು ಹೊರಗೆ ತೆಗೆದು ವರ್ಷಗಳಾಗಿತ್ತಂತೆ, ಮಕ್ಕಳೆಲ್ಲ ಬೇರೆ ರಾಜ್ಯಗಳಲ್ಲಿ.

ಅಲ್ಲಿಂದಾಚೆಗೆ ಮನಸ್ಸು ಹಬ್ಬದಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಬೆಳಿಗ್ಗೆ ಎಂಟಾದಾಗ ಬೆಂಗಳೂರಿನಲ್ಲಿ ಸಂಜೆ ಆರೂವರೆ, ರೇಷ್ಮೆ ಲಂಗದ ಹುಡುಗಿಯರು ತಟ್ಟೆ ಹಿಡಿದು ಬೀದಿಗಿಳಿಯುವ ಹೊತ್ತು. ಫೋನಿನಲ್ಲಿ ಅಮ್ಮನ ಹಿಂದೆ ಅದರ ಸದ್ದು ಕೇಳುತ್ತದೆ. "ಈ ಸಲ ಗಾಂಧಿ ಬಜಾರಿಂದ ಎರಡು ಪ್ಯಾಕೆಟ್ ತರಿಸಿದೆ ಕಣೆ. ಕೂತು ಹೆಚ್ಚೋದು ಯಾರು, ತಿನ್ನೋದು ಯಾರು?" ಅನ್ನುವುದರಲ್ಲಿ ದೂರೇನೂ ಇರುವುದಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ. ಅಡಕತ್ತರಿ ಇಲ್ಲಿಗೆ ಬಂದದ್ದೇ ಆ ಮನೆಯಿಂದ. ಕೊಬ್ಬರಿಯನ್ನು ಎಷ್ಟು ಸಣ್ಣಗೆ ಹೆಚ್ಚಬೇಕು ಎನ್ನುವ ಅಳತೆಯೂ ಅವಳ ಹೆಬ್ಬೆರಳ ಉಗುರಿನ ಅರ್ಧ. ಇಲ್ಲಿ ಹಿಮದ ಮೇಲೆ ಬೂಟು ಹಾಕಿಕೊಂಡು ಗುರುತಿಲ್ಲದವರ ಬಾಗಿಲಿಗೆ ತಟ್ಟೆ ಒಯ್ಯುತ್ತೇವೆ, ಅಲ್ಲಿ ಮಂಡಿ ನೋವಿನವಳು ಯಾರಾದರೂ ಬಂದಾರೆಂದು ಬಾಗಿಲು ತೆರೆದಿಟ್ಟು ಕೂತಿರುತ್ತಾಳೆ. ಮೊದಲೆಲ್ಲ ಅವಳೇ ಬೀದಿಯ ಎರಡೂ ಸಾಲು ಮುಗಿಸಿ ಬರುತ್ತಿದ್ದಳು. ತಟ್ಟೆಗೆ ಮುಚ್ಚುವ ಕ್ರೋಷಾ ಬಟ್ಟೆ ಒಂದೇ ಇದ್ದದ್ದು, ಗಂಜಿ ಹಾಕಿ ಗರಿಗರಿ ಮಾಡಿದ್ದು. ತುಳಸಿಕಟ್ಟೆಯ ಅಚ್ಚು ಯಾರ ಮನೆಗೆ, ಗಿಣಿ ಯಾರಿಗೆ, ಹೊಸದಾಗಿ ಮದುವೆಯಾದವಳಿಗೆ ಬಾಳೆಗೊನೆ ಎಂದು ಹಿಂದಿನ ರಾತ್ರಿಯೇ ವಿಂಗಡಿಸಿಡುವಳು. ಕಾಲು ಮುರಿದವು ಮಕ್ಕಳಿಗೆ. ಬೇಕೆಂದೇ ಒಂದೆರಡು ಮುರಿಯುತ್ತಿದ್ದಳೆಂದು ಗೊತ್ತಾದದ್ದು ಎಷ್ಟೋ ಆಮೇಲೆ.

ಪ್ರತಿ ಪ್ರಯಾಣದಲ್ಲೂ, ಹೊರಡುವ ಹಿಂದಿನ ರಾತ್ರಿ, ಹುಳಿಪುಡಿ ಚಟ್ನಿಪುಡಿಗಳ ಪಕ್ಕದಲ್ಲಿ ಅವಳು ಮರದ ಅಚ್ಚುಗಳನ್ನೂ ತಂದಿಡುತ್ತಾಳೆ. ಇಪ್ಪತ್ಮೂರು ಕೆಜಿಯ ಪೆಟ್ಟಿಗೆಯಲ್ಲಿ ಅವಕ್ಕೆ ಜಾಗ ಇಲ್ಲದೇನೂ ಇಲ್ಲ, ಎಲ್ಲ ಸೇರಿ ಒಂದು ಕೆಜಿ ಆಗಲಾರದು. ಇಲ್ಲಿನ ಒಣ ಗಾಳಿಗೆ ಮರ ಸೀಳುತ್ತದೆ, ಹೋಳುಗಳ ನಡುವೆ ಸಂದು ಬಿಟ್ಟು ಪಾಕ ಸೋರುತ್ತದೆ ಎಂದು ಕಾರಣ ಹೇಳುತ್ತೇವೆ. ಅದು ಸುಳ್ಳಲ್ಲ. ಆದರೆ ಅವು ಪೆಟ್ಟಿಗೆ ಸೇರಿದರೆ ಆ ಮನೆಯಲ್ಲಿ ಇನ್ನು ಅಚ್ಚು ಹಾಕುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅಮ್ಮನಿಗೂ ಅದು ತಿಳಿದೇ ಇದೆ. ವಾದ ಮಾಡದೆ ಪಂಚೆಯಲ್ಲಿ ಸುತ್ತಿ ಒಳಗೆ ಇಟ್ಟು ಬರುತ್ತಾಳೆ, ಆ ಜಾಗಕ್ಕೆ ಇನ್ನೊಂದು ಪೊಟ್ಟಣ ಹುಳಿಪುಡಿ ತುರುಕುತ್ತಾಳೆ.